ಜೀನ್ಸ್ ಧೂಳಿನ ಮನೆಯಲ್ಲಿ ಸ್ಮೋಕ್ ಅಲಾರಂ: ನನ್ನ ಅನುಭವ

ಬಳ್ಳಾರಿ ಕೌಲ್‌ಬಜಾರಿನ ಒಂದು ಮನೆ. ಕೆಳಗೆ ಜೀನ್ಸ್ ಹೊಲಿಗೆ, ಮೇಲೆ ಸಂಸಾರ. ಅಲ್ಲಿಗೆ ಸ್ಮೋಕ್ ಅಲಾರಂ ಹಾಕುತ್ತೇನೆ ಅಂದಾಗ ನಮ್ಮ ವೈರಿಂಗ್ ಗೆಳೆಯರೇ ನಕ್ಕರು. "ಈ ಧೂಳಿಗೆ ಅದು ತಿಂಗಳೂ ಬಾಳಲ್ಲ ಬಿಡಣ್ಣ" ಅಂದರು. ಈಗ ಬೇಸಿಗೆಗಳೇ ದಾಟಿವೆ. ಸುಮ್ಮಸುಮ್ನೆ ಕೂಗೋದು ನಿಂತಿದೆ.

ಆ ಮನೆಯವರು ಮೊದಲೇ ಒಂದನ್ನು ತಂದು ಅಡುಗೆಮನೆಯಲ್ಲಿ ಹಾಕಿಸಿಕೊಂಡಿದ್ದರು. ಬೆಳಿಗ್ಗೆ ರೊಟ್ಟಿ ಸುಟ್ಟರೆ ಕೂಗು, ಸಂಜೆ ಮೆಣಸಿನಕಾಯಿ ಒಗ್ಗರಣೆಗೆ ಕೂಗು. ಕೊನೆಗೆ ಅಜ್ಜಿ ಪೊರಕೆ ಹಿಡಿಯಿಂದ ಅದನ್ನು ಕೆಳಗಿಳಿಸಿ, ಬ್ಯಾಟರಿ ಕಿತ್ತು ಸಾಸಿವೆ ಡಬ್ಬಿಯಲ್ಲಿ ಇಟ್ಟುಬಿಟ್ಟಿದ್ದರು. ಅಡುಗೆಮನೆಗೆ ಬೇಕಾದದ್ದು ಹೊಗೆಯದಲ್ಲ, ಶಾಖದ ಅಲಾರಂ. 57 ಡಿಗ್ರಿ ಬಿಸಿ ಆದಾಗ ಕೂಗುವಂಥದ್ದು ಹಾಕಿದೆ. ಆರ್‌ಸಿಸಿ ಸ್ಲ್ಯಾಬ್ ಇದ್ದದ್ದಕ್ಕೆ ಸರಿಹೋಯಿತು. ತಗಡಿನ ಶೀಟಿನ ಕೆಳಗೆ ನಮ್ಮ ಮೇ ತಿಂಗಳ ಬಿಸಿಲಿಗೆ ಇದನ್ನು ನಂಬಬೇಡಿ.

ಹೊಲಿಗೆ ಹಾಲ್‌ನದು ಬೇರೆಯೇ ಕಥೆ. ಅಲ್ಲಿ ಫೋಟೋ ಎಲೆಕ್ಟ್ರಿಕ್ ಮಾದರಿ, ಅಂದರೆ ಒಳಗಿನ ಬೆಳಕಿನಿಂದ ಹೊಗೆ ಪತ್ತೆ ಮಾಡುವಂಥದ್ದು, ಹಾಕಿ ನೋಡಿದೆ, ಕೆಲವೇ ದಿನಕ್ಕೆ ಹುಚ್ಚು ಹಿಡಿದಂತೆ ಕೂಗಿತು. ಬಿಚ್ಚಿದರೆ ಜಾಲರಿ ತುಂಬ ನೀಲಿ ನೂಲಿನ ಧೂಳು. ಧೂಳಿಗೂ ಹೊಗೆಗೂ ಅದಕ್ಕೆ ವ್ಯತ್ಯಾಸ ಗೊತ್ತಾಗಲ್ಲ, ಅಲ್ವಾ? ಸೊಳ್ಳೆ ಪರದೆ ಬಟ್ಟೆ ಸುತ್ತಿದೆ. ಕೂಗು ನಿಂತಿತು. ಆದರೆ ಕೆಳಗೆ ಚಿಂದಿ ಸುಟ್ಟು ಹೊಗೆ ಹಾಕಿದರೂ ಮಾತಾಡಲಿಲ್ಲ! ಪರದೆ ಕಿತ್ತು ಬಿಸಾಕಿದೆ. ಹಾಲ್‌ಗೂ ಶಾಖದ್ದೇ ಹಾಕಿ, ಹೊಗೆಯವನ್ನು ಮೆಟ್ಟಿಲ ಮೇಲ್ತುದಿಗೊಂದು, ಮಲಗುವ ಕೋಣೆಗೊಂದು ಒಯ್ದೆ. ಒಲೆಯಿಂದ ಹತ್ತು ಅಡಿ ದೂರ, ಫ್ಯಾನ್ ಗಾಳಿಗೆ ಸಿಗದ ಹಾಗೆ. ಆ ಸರಿಯಾದ ಜಾಗವನ್ನು ಊದುಬತ್ತಿ ಹಿಡಿದು ಹುಡುಕುತ್ತೇನೆ. ಹೇಗೆ ಅಂತ ಬರೆಯಲ್ಲ, ಅದು ನನ್ನ ಹೊಟ್ಟೆಪಾಡು.

ಕ್ಲೀನಿಂಗ್‌ಗೆ ಬ್ಲೋವರ್ ಊದಬೇಡಿ, ಧೂಳು ಇನ್ನೂ ಒಳಗೆ ಹೋಗುತ್ತೆ. ಅದರ ಗಾಳಿ ಎಳೆಯುವ ಕಡೆ ಮೆತ್ತನೆ ಬ್ರಷ್ ಸಿಕ್ಕಿಸಿ ಧೂಳು ಎಳೆಯಿರಿ. ಜೀನ್ಸ್ ಮನೆಗೆ ಹದಿನೈದು ದಿನಕ್ಕೊಮ್ಮೆ, ಬೇರೆ ಮನೆಗೆ ತಿಂಗಳಿಗೊಮ್ಮೆ ಸಾಕು. ಆಗಲೇ ಅಲಾರಮ್ಮಿನ ಟೆಸ್ಟ್ ಬಟನ್ ಒತ್ತಿ ಕೂಗುತ್ತಾ ನೋಡಿಬಿಡಿ.

ದುಡ್ಡು ಉಳಿಸೋಣ ಅಂತ ಚಾರ್ಜ್ ಆಗುವ 9 ವೋಲ್ಟ್ ಬ್ಯಾಟರಿ ಹಾಕಿದ್ದೆ. ಬೇಗ ಇಳಿದು ನಡುರಾತ್ರಿ ಟುಯ್ ಟುಯ್ ಶುರು. ಈಗ ಆಲ್ಕಲೈನ್ ಮಾತ್ರ, ವರ್ಷಕ್ಕೆ ಒಂದಕ್ಕೆ ಇನ್ನೂರು ಮುನ್ನೂರು ಆಗಬಹುದು. ಹತ್ತು ವರ್ಷಕ್ಕೆ ಅಲಾರಮ್ಮನ್ನೇ ಬದಲಾಯಿಸಬೇಕು. ಅದರ ಹಿಂಬದಿಯಲ್ಲಿ ತಯಾರಾದ ತಾರೀಕು ಇರುತ್ತೆ, ಅದನ್ನು ಮುಂದುಗಡೆ ಮಾರ್ಕರ್‌ನಲ್ಲಿ ಬರೆದಿಡುತ್ತೇನೆ.

ನಾಲ್ಕೂ ಸೇರಿ ಐದು ಸಾವಿರದ ಆಜುಬಾಜು ಆಯಿತು. "ಆ ದುಡ್ಡಿಗೆ ಹಳೇ ಮಷಿನ್ ಬರುತ್ತಲ್ಲೋ" ಅಂತ ಮಾಲೀಕರು ನನ್ನ ಕೂಲಿಯಲ್ಲೂ ಮುರಿದರು. ಒಂದು ರಾತ್ರಿ ಇಸ್ತ್ರಿ ಮೇಜಿನ ಹಾಸು ಹೊಗೆಯಾಡತೊಡಗಿತು. ಉರಿ ಇಲ್ಲ, ಬರೀ ಹೊಗೆ. ಶಾಖದ್ದು ಸುಮ್ಮನಿತ್ತು. ಮೆಟ್ಟಿಲ ಮೇಲಿನದು ಎಲ್ಲರನ್ನೂ ಎಬ್ಬಿಸಿತು. ಮೇನ್ ಆಫ್ ಮಾಡಿ, ಹಾಸನ್ನು ಬೀದಿಗೆಳೆದು ನೀರು ಸುರಿದರು. ಮರುದಿನ ಮಾಲೀಕರೇ ಫೋನ್ ಮಾಡಿ ತಮ್ಮನ ಮನೆಗೂ ಹಾಕು ಅಂದರು. ಅಲ್ಲಿ ಚೌಕಾಸಿ ಇರಲಿಲ್ಲ.

ಒಂದು ಕೂಗಿದರೆ ಎಲ್ಲವೂ ಕೂಗುವ ವೈರ್‌ಲೆಸ್ ಜೋಡಿಯನ್ನು ಈಗ ನನ್ನ ಮನೆಯಲ್ಲೇ ಇಟ್ಟು ನೋಡುತ್ತಿದ್ದೇನೆ. ರೇಟು ಮಾತ್ರ ಜಾಸ್ತಿ.