ಎಲ್ಕೊದಲ್ಲಿ ನಾವು ಮನೆ ತಗೊಂಡಿದ್ದು ಹೀಗೆ

ಅಮೆರಿಕದ ಕನ್ನಡಿಗ ಅಂದರೆ ಸಾಫ್ಟ್‌ವೇರ್‌ನವನು ಅಂತಲೇ ಎಲ್ಲರ ಲೆಕ್ಕ. ನಾನು ಮೈನಿಂಗ್ ಓದಿದವನು. ಮೊದಲು ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿದ್ದೆ, ಈಗ ನೆವಾಡಾದ ಎಲ್ಕೊ ಕೌಂಟಿಯಲ್ಲಿದ್ದೇನೆ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ). ಅಲ್ಲೂ ಚಿನ್ನ, ಇಲ್ಲೂ ಚಿನ್ನ. ಈ ಒಂದು ಕೌಂಟಿಯೇ ಹೆಚ್ಚುಕಮ್ಮಿ ಕರ್ನಾಟಕದ ಕಾಲು ಭಾಗದಷ್ಟಿದೆ. ಇರುವ ಜನ ಮಾತ್ರ 50 ಸಾವಿರ ಚಿಲ್ಲರೆ.

ಎಲ್ಕೊ ಪಟ್ಟಣದ ಪಶ್ಚಿಮಕ್ಕೆ ಕಾರ್ಲಿನ್ ಅನ್ನೋ ಚಿಕ್ಕ ಊರಿದೆ. ಅದರ ಉತ್ತರದ ಗುಡ್ಡಗಳಲ್ಲಿ 1961ರಲ್ಲಿ ಚಿನ್ನ ಪತ್ತೆಯಾಯಿತು, 1965ರಿಂದ ತೆಗೆಯುತ್ತಿದ್ದಾರೆ. ಕಲ್ಲು ಕೈಯಲ್ಲಿ ಹಿಡಿದರೂ ಚಿನ್ನ ಕಾಣಲ್ಲ, ಅಷ್ಟು ಸಣ್ಣ ಕಣ. ಗಣಿಗಳಲ್ಲಿ ಹೆಚ್ಚಿನವು ಇರುವುದು ಪಕ್ಕದ ಯುರೇಕಾ ಕೌಂಟಿಯಲ್ಲಿ, ಕೆಲಸದವರು ಇರುವುದು ಎಲ್ಕೊದಲ್ಲಿ. ಗಣಿ ತೆರಿಗೆಯಲ್ಲಿ ಕೌಂಟಿಯ ಪಾಲು ಹೋಗುವುದು ಯುರೇಕಾಗೆ, ಸ್ಕೂಲು, ರಸ್ತೆ, ಆಸ್ಪತ್ರೆ ಎಲ್ಲದರ ಭಾರ ಎಲ್ಕೊ ಮೇಲೆ. ಊರವರ ಹಳೆಯ ಗೊಣಗಾಟ ಇದು, ಸುಳ್ಳೂ ಅಲ್ಲ.

ಕೆಲಸಕ್ಕೆ ಸೇರುವ ಮೊದಲು ಸುರಕ್ಷತಾ ತರಬೇತಿ ಕಡ್ಡಾಯ: ಮೇಲ್ಮೈ ಗಣಿಗೆ 24 ಗಂಟೆ, ಭೂಗತ ಗಣಿಗೆ 40. ಶಿಫ್ಟ್ 12 ಗಂಟೆಯದ್ದು. ಊರಿಂದ ಕಂಪನಿ ಬಸ್ ಇದೆ. ಬಸ್ಸಿನ ಹೊತ್ತೂ ಸೇರಿಸಿದರೆ ಮನೆಯವರ ಮುಖ ನೋಡುವುದಕ್ಕೂ ಪುರುಸೊತ್ತಿರಲ್ಲ. ಆಮೇಲೆ ಸತತವಾಗಿ ರಜಾ ದಿನಗಳು ಸಿಗುತ್ತವೆ ಅನ್ನಿ. ಮನೆ ಹುಡುಕುವಾಗ ಬಸ್ ಸ್ಟಾಪ್ ಎಷ್ಟು ದೂರ ಅಂತ ಮೊದಲು ನೋಡಿದೆ, ಅಡುಗೆಮನೆ ಆಮೇಲೆ. ಹೆಂಡತಿ ನೋಡಿದ್ದು ಇದರ ಉಲ್ಟಾ!

ಹಟ್ಟಿಯಲ್ಲಿ ಕ್ವಾರ್ಟರ್ಸ್ ಇತ್ತು. ಮನೆ ಕೊಳ್ಳುವ ಚಿಂತೆಯೇ ಇರಲಿಲ್ಲ. ಇಲ್ಲಿ ಬಾಡಿಗೆ ಮನೆ ಸಿಗುವುದೇ ಕಷ್ಟ, ಸಿಕ್ಕರೂ ಬಾಡಿಗೆ ಜಾಸ್ತಿ. ಹಾಗಾಗಿ ಗ್ರೀನ್ ಕಾರ್ಡ್ ಬಂದ ಮೇಲೆ ಕೊಳ್ಳೋಣ ಅಂತ ತೀರ್ಮಾನಿಸಿದೆವು. ಆದರೆ ಗಣಿ ಊರಲ್ಲಿ ಮನೆಯ ಬೆಲೆ ಅದಿರಿನ ಬೆಲೆಗೆ ಜೋತುಬಿದ್ದಿರುತ್ತದೆ. ದಕ್ಷಿಣಕ್ಕೆ ಪಕ್ಕದ ಕೌಂಟಿಯಲ್ಲಿ ಈಲಿ ಅಂತ ತಾಮ್ರದ ಊರು. ಅಲ್ಲಿನ ಗಣಿ 1978ರಲ್ಲಿ ನಿಂತಿತು. 1996ರಲ್ಲಿ ಇನ್ನೊಂದು ಕಂಪನಿ ಭಾರೀ ದುಡ್ಡು ಸುರಿದು ಶುರುಮಾಡಿತು, 1999ರಲ್ಲಿ ಮತ್ತೆ ಮುಚ್ಚಿತು. 2004ರಲ್ಲಿ ಮತ್ತೆ ತೆರೆಯಿತು. ನಡುವೆ ಮನೆ ಕೊಂಡವರ ಗತಿ ಯೋಚಿಸಿ. ಚಿನ್ನವೂ ಅಷ್ಟೇ. 2011ರಲ್ಲಿ ಔನ್ಸ್‌ಗೆ 1,900 ಡಾಲರ್ ದಾಟಿದ್ದು, 2015ರ ಕೊನೆಗೆ 1,100ಕ್ಕಿಂತ ಕೆಳಗಿತ್ತು. ಕೆಜಿಎಫ್ 2001ರಲ್ಲಿ ಮುಚ್ಚಿದ್ದನ್ನು ನೋಡಿದ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಅದಕ್ಕೇ ನಾನು ಮೂಲ ಸಂಬಳದ ಮೇಲೆ ಮಾತ್ರ ಲೆಕ್ಕ ಹಾಕಿದೆ. ಓವರ್‌ಟೈಮು, ಬೋನಸ್ಸು ಎರಡನ್ನೂ ಸೇರಿಸಲಿಲ್ಲ. ಬ್ಯಾಂಕಿನವರು ಸೇರಿಸಿ, "ಇನ್ನೂ ದೊಡ್ಡ ಮನೆ ಬರುತ್ತಲ್ಲ" ಅಂದರು. ಬೇಡ ಅಂದೆ. ಹಳ್ಳಿ ಕಡೆಯ ಮನೆಗಳಿಗೆ ಇಲ್ಲಿನ ಕೃಷಿ ಇಲಾಖೆಯ ಖಾತರಿಯಲ್ಲಿ ಡೌನ್ ಪೇಮೆಂಟ್ ಇಲ್ಲದ ಸಾಲ ಸಿಗುತ್ತದೆ. ಆದರೆ ಅದಕ್ಕೆ ಆದಾಯದ ಮಿತಿಯಿದೆ, ನನ್ನ ಸಂಬಳ ಅದನ್ನು ದಾಟಿತ್ತು. ಮಾಮೂಲಿ ಸಾಲವನ್ನೇ ತಗೊಂಡೆ.

ನಾವು ಹುಡುಕಿದ್ದು ಸ್ಪ್ರಿಂಗ್ ಕ್ರೀಕ್‌ನಲ್ಲಿ. ಎಲ್ಕೊದಿಂದ ಒಂದು ಗುಡ್ಡ ದಾಟಿದರೆ ಆಯಿತು, ಎದುರಿಗೇ ರೂಬಿ ಬೆಟ್ಟಗಳು. ಅಲ್ಲಿ ಫ್ಯಾಕ್ಟರಿಯಲ್ಲಿ ಕಟ್ಟಿ, ಲಾರಿಯಲ್ಲಿ ತಂದು ಇಳಿಸಿದ ಮನೆಗಳು ಬೇಕಾದಷ್ಟಿವೆ. ಅಗ್ಗ ನಿಜ, ಆದರೆ ಕಾಗದ ನೋಡಬೇಕು. ಆ ಮನೆಯನ್ನು ಸ್ಥಿರಾಸ್ತಿ ಅಂತ ಬದಲಾಯಿಸಿರದಿದ್ದರೆ ಜಾಗಕ್ಕೊಂದು ದಾಖಲೆ, ಮನೆಗೊಂದು ದಾಖಲೆ. ಇಂಥ ಮನೆಗಳಿಗೆ ಕೇಂದ್ರ ಸರ್ಕಾರದ ಮಾನದಂಡ ಬಂದದ್ದು 1976ರ ಜೂನ್‌ನಲ್ಲಿ; ಅದಕ್ಕಿಂತ ಮೊದಲು ಮಾಡಿದ್ದಾದರೆ ಸಾಲ ಸಿಗುವುದು ಬಹಳ ಕಷ್ಟ. ನಾವು ಜಾಗದಲ್ಲೇ ಕಟ್ಟಿದ ಮನೆಯನ್ನೇ ಆರಿಸಿಕೊಂಡೆವು. ಮುಂದೆ ಮಾರುವ ದಿನ ಬಂದರೆ ಕೊಳ್ಳುವವನಿಗೂ ಸಾಲ ಸಿಗಬೇಕಲ್ವಾ?

ಇಲ್ಲಿ ಹೆಚ್ಚಿನ ಮನೆಗಳಿಗೆ ಒಳಚರಂಡಿ ಇಲ್ಲ, ಸೆಪ್ಟಿಕ್ ಟ್ಯಾಂಕೇ. ಪರೀಕ್ಷೆಗೆ ಬಂದವನು ಕಬ್ಬಿಣದ ಸಲಾಕೆಯಿಂದ ಹಿತ್ತಲಿನ ಮಣ್ಣು ಚುಚ್ಚುತ್ತಾ ಹೋದ. ಒಂದು ಕಡೆ ಟಣ್ ಅಂದಿತು. ಅಗೆದು ಮುಚ್ಚಳ ಎತ್ತಿದ. ಒಳಗೆ ನೀರಿನ ಮಟ್ಟ ಸರಿಯಾಗಿತ್ತು. ಆಮೇಲೆ ಟ್ಯಾಂಕಿನ ನೀರು ಇಂಗುವ ಜಾಗ ತೋರಿಸಿದ. ಮಾಲೀಕರ ಟ್ರೇಲರ್ ನಿಂತಿದ್ದು ಸರಿಯಾಗಿ ಅದರ ಮೇಲೆಯೇ. "ಇದನ್ನು ತೆಗೆಸಿ. ಗಾಡಿ ನಿಂತರೆ ಮಣ್ಣು ಗಟ್ಟಿಯಾಗಿ ನೀರು ಇಂಗಲ್ಲ, ಚಳಿಗಾಲದಲ್ಲಿ ಪೈಪೂ ಹೆಪ್ಪುಗಟ್ಟುತ್ತೆ" ಅಂದ. ಇಲ್ಲಿ ಮೈನಸ್ 20 ಡಿಗ್ರಿ ಅಪರೂಪವೇನಲ್ಲ. ಟ್ರೇಲರ್ ತೆಗೆಸಿ, ಪೈಪುಗಳನ್ನು ಇನ್ನೊಮ್ಮೆ ನೋಡಿಸಿದ ಮೇಲೆಯೇ ಮುಂದುವರಿದೆವು.

ಆಸ್ತಿಯ ಮೇಲೆ ಸಾಲ, ಬೇರೆಯವರ ಹಕ್ಕು ಇದೆಯಾ ಅಂತ ನೋಡಲು ನಾವು ಊರಲ್ಲಿ ಇಸಿ (ಋಣಭಾರ ಪತ್ರ) ತೆಗೆಸುತ್ತೇವಲ್ಲ, ಇಲ್ಲಿ ಆ ಕೆಲಸ ಟೈಟಲ್ ಕಂಪನಿಯದ್ದು. ಅವರ ವರದಿಯನ್ನು ಪೂರ್ತಿ ಓದಿ. ಗಣಿ ಸೀಮೆಯಲ್ಲಿ ನೆಲ ಒಬ್ಬರದ್ದು, ನೆಲದಡಿಯ ಖನಿಜ ಇನ್ನೊಬ್ಬರದ್ದು ಆಗಿರುವುದು ಮಾಮೂಲು. 1860ರ ದಶಕದಲ್ಲಿ ರೈಲು ಹಳಿ ಹಾಕಿದ ಕಂಪನಿಗೆ ಸರ್ಕಾರ ಹಳಿಯ ಎರಡೂ ಬದಿಯಲ್ಲಿ ಒಂದು ಬಿಟ್ಟು ಒಂದು ಚದರ ಮೈಲಿ ಕೊಟ್ಟಿತ್ತು. ಅಂಥ ಜಾಗಗಳನ್ನು ಮುಂದೆ ಮಾರಿದವರು ಖನಿಜದ ಹಕ್ಕನ್ನು ತಮ್ಮಲ್ಲೇ ಇಟ್ಟುಕೊಂಡದ್ದುಂಟು. ನಮ್ಮ ವರದಿಯಲ್ಲೂ ಅಂಥ ಒಂದು ಸಾಲಿತ್ತು. "ಅಂದರೆ ಅಡುಗೆಮನೆ ಕೆಳಗೆ ಚಿನ್ನ ಸಿಕ್ಕರೂ ನಮಗಿಲ್ವಾ?" ಅಂತ ಹೆಂಡತಿ ಕೇಳಿದಳು. ಇಲ್ಲ. ಆದರೆ ಖನಿಜದ ಒಡೆಯರು ನಮ್ಮ ಅಂಗಳಕ್ಕೆ ಬಂದು ಅಗೆಯಬಹುದಾ ಅನ್ನೋದು ಮುಖ್ಯ. ಅದನ್ನು ವಕೀಲರಿಗೆ ತೋರಿಸಿ, ಖಾತ್ರಿ ಮಾಡಿಕೊಂಡು ಸಹಿ ಹಾಕಿದೆ.

ಬದುಕು? ತೊಗರಿಬೇಳೆ, ರಾಗಿಹಿಟ್ಟಿಗೆ 370 ಕಿ.ಮೀ. ದೂರದ ಸಾಲ್ಟ್ ಲೇಕ್ ಸಿಟಿಗೆ ಹೋಗಬೇಕು. ಹಾಗಾಗಿ ಮೂಟೆಗಟ್ಟಲೆ ತರುತ್ತೇವೆ. ಹಿಂದೆ ಸ್ಪೇನ್-ಫ್ರಾನ್ಸ್ ಗಡಿಯಿಂದ ಕುರಿ ಮೇಯಿಸಲು ಬಂದ ಬಾಸ್ಕ್ ಜನರ ಊಟದ ಮನೆಗಳು ಎಲ್ಕೊದಲ್ಲಿವೆ, 1910ರಲ್ಲಿ ಶುರುವಾದ ಸ್ಟಾರ್ ಹೋಟೆಲ್ ಈಗಲೂ ನಡೆಯುತ್ತಿದೆ. ಗುರುತಿಲ್ಲದವರ ಪಕ್ಕ ಉದ್ದದ ಮೇಜಿಗೆ ಕೂತು ಉಣ್ಣುವುದು ನಮ್ಮ ಪಂಕ್ತಿ ಊಟದ ಹಾಗೇ. ಸಸ್ಯಾಹಾರಿಗಳಿಗೆ ಸಲಾಡೇ ಗತಿ. 2023ರ ಜೂನ್‌ನಲ್ಲಿ ಮಾರ್ಮನ್ ಕ್ರಿಕೆಟ್ ಅನ್ನೋ ದೊಡ್ಡ ಹುಳುಗಳು ಊರನ್ನೇ ಮುತ್ತಿದವು. ಗಾಡಿಗಳಿಗೆ ಸಿಕ್ಕಿ ಸತ್ತ ಹುಳುಗಳಿಂದ ರಸ್ತೆ ಜಾರುತ್ತಿತ್ತು. ವಾಸನೆ ಮಾತ್ರ ಕೇಳಲೇಬೇಡಿ.

ನೆವಾಡಾದಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಸ್ವಂತ ವಾಸದ ಮನೆಯ ಆಸ್ತಿ ತೆರಿಗೆಯೂ ವರ್ಷಕ್ಕೆ ಶೇ. 3ಕ್ಕಿಂತ ಹೆಚ್ಚು ಏರುವಂತಿಲ್ಲ. ಉಳಿದದ್ದನ್ನೂ, ಓವರ್‌ಟೈಮ್ ದುಡ್ಡನ್ನೂ ಸಾಲದ ಅಸಲಿಗೇ ಕಟ್ಟುತ್ತಿದ್ದೇನೆ. ಸಹೋದ್ಯೋಗಿಗಳು ಅದೇ ದುಡ್ಡಲ್ಲಿ ಹೊಸ ಪಿಕಪ್ ತಗೊಳ್ಳುತ್ತಾರೆ, ನನ್ನ ಹಳೇ ಗಾಡಿ ನೋಡಿ ನಗುತ್ತಾರೆ. ನಗಲಿ ಬಿಡಿ.