ಪುಟ್ಟ ಮೌಸ್, ಗಿಡ್ಡ ಕೇಬಲ್: ನನ್ನ ಅನುಭವ

“ಸಣ್ಣ ವೈರ್‌ಲೆಸ್ ಮೌಸ್‌ಗೆ ಸಿಗ್ನಲ್ ಸಾಲದು. ದೊಡ್ಡದು ತಗೊಳ್ಳಿ, ಇಲ್ಲಾ ವೈರಿನದಕ್ಕೇ ವಾಪಸ್ ಹೋಗಿ.” ಆಫೀಸಿನಲ್ಲೂ ಅಂಗಡಿಯಲ್ಲೂ ಸಿಕ್ಕ ಸಲಹೆ ಇದೊಂದೇ. ಈಗ ಒಂದೂವರೆ ವರ್ಷದಿಂದ 9.5 ಸೆಂ.ಮೀ. ಉದ್ದದ ಮೌಸ್ ತಡವರಿಸದೆ ಓಡುತ್ತಿದೆ. ಅದಕ್ಕೆ ಕೊಟ್ಟದ್ದು 750ರ ಆಸುಪಾಸು, ಅದನ್ನು ಸರಿಮಾಡಿದ ಕೇಬಲ್ಲಿಗೆ 60 ರೂಪಾಯಿ. ಅದಕ್ಕೂ ಮುಂಚೆ ಮೂರು ಮೌಸ್‌ಗೆ ಸುರಿದದ್ದು ಎರಡು ಸಾವಿರದ ಮೇಲೆ.

ದಂಡವಾದ ಲೆಕ್ಕ ಮೊದಲು. ಒಂದನೆಯದು ಬ್ಯಾಟರಿ ಒಳಗೇ ಇಟ್ಟು ಮುಚ್ಚಿದ ಚಪ್ಪಟೆ ಮೌಸ್, 600 ಚಿಲ್ಲರೆ. ಹದಿನಾಲ್ಕು ತಿಂಗಳಿಗೆ ಚಾರ್ಜ್ ಅರ್ಧ ದಿನವೂ ನಿಲ್ಲದಾಯಿತು. ಬಿಚ್ಚಲು ಹೋದರೆ ಸ್ಕ್ರೂ ಒಂದೂ ಇಲ್ಲ, ಎಲ್ಲಾ ಅಂಟು, ಒಳಗಿನ ಕೊಕ್ಕೆಗಳು ಮುರಿದವು. ಎರಡನೆಯದು ಬರೀ ಬ್ಲೂಟೂತ್, 1,100. ಸುಮ್ಮನಿಟ್ಟ ಮೇಲೆ ಎಚ್ಚರವಾಗಲು ಎರಡು ಮೂರು ಸೆಕೆಂಡ್ ಬೇಕು, ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆ) ಅಲ್ಲಾಡುವುದೇ ಇಲ್ಲ. ವಿಂಡೋಸ್ ಬಿಟ್ಟು ಲಿನಕ್ಸ್‌ಗೆ ಬೂಟ್ ಆದಾಗಲೆಲ್ಲ ಮತ್ತೆ ಜೋಡಿಸಬೇಕು, ಏಕೆಂದರೆ ಎರಡೂ ತಂತಮ್ಮ ಜೋಡಣೆಯ ಕೀಲಿಯನ್ನು ಬೇರೆ ಬೇರೆ ಇಟ್ಟುಕೊಳ್ಳುತ್ತವೆ. ಮೂರನೆಯದು 450ರದು, ರಿಸೀವರ್ (ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸಿ ಮೌಸ್‌ನ ಸಿಗ್ನಲ್ ಹಿಡಿಯುವ ಪುಟ್ಟ ತುಂಡು) ಇದ್ದದ್ದು. ಪಾಯಿಂಟರ್ ಜಿಗಿಯುತ್ತದೆ ಅಂತ ಯಾರಿಗೋ ಕೊಟ್ಟುಬಿಟ್ಟೆ. ಅದರ ತಪ್ಪೇನೂ ಇರಲಿಲ್ಲ ಅನ್ನೋದು ಆಮೇಲೆ ಗೊತ್ತಾಯಿತು, ಈಗಲೂ ಹೊಟ್ಟೆ ಉರಿಯುತ್ತದೆ.

ನಾಲ್ಕನೆಯದರ ಅಳತೆಗೆ ನಾನು ಬಳಸಿದ್ದು ಬಟ್ಟೆ ಸೋಪು. ನಗಬೇಡಿ. ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿವರೆಗಿನ ಅಳತೆಯನ್ನು 0.6ರಿಂದ ಗುಣಿಸಿದರೆ ಅಂಗೈ ಊರಲು ಬೇಕಾದ ಉದ್ದ ಸಿಗುತ್ತದೆ ಅನ್ನೋ ಲೆಕ್ಕ ಬಲ್ಲವರಿಗೆ ಗೊತ್ತೇ ಇದೆ. ನನ್ನ ಕೈ 18.5 ಸೆಂ.ಮೀ., ಅಂದರೆ 11 ಬೇಕು. ಪುಟ್ಟ ಮೌಸ್‌ಗಳು 9-10ರಲ್ಲೇ ಮುಗಿಯುತ್ತವೆ. ಹಾಗಾಗಿ ಅಂಗೈ ಊರುವ ಆಸೆ ಬಿಟ್ಟು ಬೆರಳ ತುದಿಯಲ್ಲಿ ಹಿಡಿಯಬೇಕು, ಆಗ ಉದ್ದಕ್ಕಿಂತ ಎತ್ತರ ಮತ್ತು ಅಗಲ ಮುಖ್ಯ. ಸೋಪನ್ನು ಚಾಕುವಿನಲ್ಲಿ ಹೆರೆಯುತ್ತಾ ನೋಡಿದೆ. 2.5 ಎತ್ತರಕ್ಕೆ ಕಿರುಬೆರಳು ಮೇಜಿಗೆ ಉಜ್ಜುತ್ತದೆ, 3.5ರಿಂದ 3.8 ಹಿತ. ಅಗಲ 6ಕ್ಕಿಂತ ಇಳಿದರೆ ಅರ್ಧ ಗಂಟೆಗೆಲ್ಲ ಹೆಬ್ಬೆರಳ ಬುಡದಲ್ಲಿ ಸೆಳೆತ. ಹೆರೆದ ಸೋಪು ಬಕೆಟ್ಟಿಗೆ ಹೋಯಿತು, ಖರ್ಚು ಸೊನ್ನೆ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿಗೆ ಹೋಗುವಾಗ ನಮ್ಮ ಮೇಜಿನದೇ ಸನ್‌ಮೈಕಾದ ಅಂಗೈಯಗಲ ತುಂಡು ಜೇಬಿನಲ್ಲಿತ್ತು. ಹೊಳಪಿನ ಮೈ ಮೇಲೆ ಅಗ್ಗದ ಸೆನ್ಸರ್ ಇದ್ದರೆ ಪಾಯಿಂಟರ್ ತೇಲುತ್ತದೆ, ಅಂಗಡಿಯ ಪ್ಯಾಡ್ ಮೇಲೆ ಅದು ಕಾಣುವುದೇ ಇಲ್ಲ. ಆರರಲ್ಲಿ ಎರಡು ಅಲ್ಲೇ ಬಿದ್ದುಹೋದವು. ಡಿಪಿಐ (ಮೌಸ್ ಒಂದಿಂಚು ಸರಿದರೆ ಪಾಯಿಂಟರ್ ಎಷ್ಟು ಚುಕ್ಕಿ ಓಡುತ್ತದೆ ಅನ್ನೋ ಲೆಕ್ಕ) ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ, ಫುಲ್ ಎಚ್‌ಡಿ (1080) ಪರದೆಗೆ 1,000-1,200 ಧಾರಾಳ. ವಿಂಡೋಸ್‌ನ ವೇಗದ ಪಟ್ಟಿ ಮಾತ್ರ ನಡುವಿನ ಆರನೇ ಗೆರೆಯಲ್ಲೇ ಇರಲಿ. ತೆರೆದ ಡಬ್ಬ ವಾಪಸ್ ತಗೊಳ್ಳುವ ಅಂಗಡಿ ಯಾವುದು ಅಂತ ಕೇಳಬೇಡಿ, ಅದನ್ನು ಹೇಳಿದರೆ ನನಗೇ ಕಷ್ಟ.

ಇನ್ನು ಪಾಯಿಂಟರ್ ಜಿಗಿತದ ವಿಷಯ. ವಿಂಡೋಸ್‌ನ ಪೇಂಟ್ ತೆರೆದು ಪೆನ್ಸಿಲ್ ಹಿಡಿದು ಜೋರಾಗಿ ವೃತ್ತ ಸುತ್ತಿ, ಸೆಕೆಂಡಿಗೆ ಎರಡರಂತೆ. ಇಂಥ ಮೌಸ್ ಸಾಮಾನ್ಯವಾಗಿ ಸೆಕೆಂಡಿಗೆ 125 ಸಲ ತನ್ನ ಚಲನೆಯ ವರದಿ ಕಳಿಸುತ್ತದೆ, ಅಂದರೆ ಒಂದು ಸುತ್ತಿಗೆ ಅರವತ್ತು ಚುಕ್ಕಿ. ಎಲ್ಲಾ ತಲುಪಿದರೆ ಗೆರೆ ಗುಂಡಗೆ ಬರುತ್ತದೆ. ನಡುವೆ ಕಳೆದುಹೋದರೆ ಅಲ್ಲಿ ಉದ್ದ ನೇರ ಗೆರೆ, ವೃತ್ತಕ್ಕೆ ಮೂಲೆ. ಮೊದಲು ಬರಿದೇ ಸುತ್ತಿದೆ, ಸ್ವಚ್ಛ. ಪಕ್ಕದ ಪೋರ್ಟಿನಲ್ಲಿ ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಹಾಕಿ ಹತ್ತು ಜಿಬಿ ಫೈಲ್ ಕಾಪಿಗೆ ಬಿಟ್ಟು ಸುತ್ತಿದರೆ ಹತ್ತು ವೃತ್ತದಲ್ಲಿ ಏಳೆಂಟಕ್ಕೆ ಮೂಲೆ. ಕಾಪಿ ನಿಲ್ಲಿಸಿದರೆ ಮತ್ತೆ ಗುಂಡಗೆ.

ಕಾರಣ ಹೊಸದಲ್ಲ. 3.0ರ 5 ಗಿಗಾಬಿಟ್ ಸಾಗಣೆಯ ಗದ್ದಲ ಇಂಥ ಮೌಸ್ ಬಳಸುವ 2.4 ಗಿಗಾಹರ್ಟ್ಸ್ ರೇಡಿಯೋ ಪಟ್ಟಿಯ ಮೇಲೂ ಬೀಳುತ್ತದೆ ಅಂತ ಇಂಟೆಲ್ 2012ರಲ್ಲೇ ಬರೆದಿಟ್ಟಿದೆ. ಉಗುರಿನಷ್ಟು ರಿಸೀವರ್ ಆ ಗದ್ದಲದ ಬಾಯಲ್ಲೇ ಕೂತಿರುತ್ತದೆ. ಪೆಟ್ಟು ಬೀಳುವುದು ರಿಸೀವರ್‌ಗೆ, ಬೈಗುಳ ಮೌಸ್‌ಗೆ. ಅಲ್ಲಿಂದ ಅದನ್ನು ಎಬ್ಬಿಸಿದರೆ ಸಾಕು. 30 ಸೆಂ.ಮೀ. ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ಕೇಬಲ್ಲಿನ ತುದಿಗೆ ರಿಸೀವರ್ ಸಿಕ್ಕಿಸಿ, ಡಿಸ್ಕ್ ಇಲ್ಲದ ಬದಿಯ ಪೋರ್ಟಿನಿಂದ ಎಳೆದು ಲ್ಯಾಪ್‌ಟಾಪಿನ ಹಿಂದಕ್ಕೆ ಬಿಟ್ಟೆ. ಅದೇ ಡಿಸ್ಕ್, ಅದೇ ಕಾಪಿ, ಐವತ್ತು ವೃತ್ತದಲ್ಲಿ ಒಂದಕ್ಕೂ ಮೂಲೆಯಿಲ್ಲ. “ಕೇಬಲ್ ಹಾಕಿದರೆ ವೈರ್‌ಲೆಸ್ ಹೇಗಾಯ್ತು?” ಅಂತ ನಕ್ಕವರ ಮೇಜಿನಲ್ಲೂ ಈಗ ಅದೇ ಕೇಬಲ್ ಇದೆ. ಲ್ಯಾಪ್‌ಟಾಪ್ ಹಿಡಿದು ಎದ್ದು ನಡೆದರೂ ಕಳಚದ ಹಾಗೆ ಕೇಬಲ್ಲಿನ ತುದಿಯನ್ನು ಎಲ್ಲಿ, ಯಾವುದರಿಂದ ಕೂರಿಸಿದ್ದೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕೇಬಲ್ಲಿನ ಹೆಣ್ಣು ತುದಿ, ಅಂದರೆ ರಿಸೀವರ್ ಕೂರುವ ಬಾಯಿ, ಬಿಗಿಯಾಗಿರಬೇಕು. ಮೊದಲು ತಂದ 30 ರೂಪಾಯಿಯದು ಸಡಿಲವಾಗಿ ಮೇಜು ಅಲುಗಿದರೆ ಸಂಪರ್ಕ ಹೋಗುತ್ತಿತ್ತು. ಕೇಬಲ್ಲಿನ ಬದಲು ಡಿಸ್ಕಿನ ವೈರಿಗೆ ಅಡುಗೆಮನೆಯ ಫಾಯಿಲ್ ಸುತ್ತಿಯೂ ನೋಡಿದೆ. ಮೂಲೆಗಳು ಏಳೆಂಟರಿಂದ ನಾಲ್ಕೈದಕ್ಕೆ ಇಳಿದವು, ಅಷ್ಟೇ. ರಿಸೀವರಿಗೇ ಸುತ್ತಿದಾಗ ಮೌಸ್ ಪೂರ್ತಿ ಮೌನ. ಇನ್ನೊಂದು ಮಾತು: ಚಲನೆಯ ನಡುವೆ ಜಿಗಿದರೆ ರೇಡಿಯೋ ತೊಂದರೆ, ಸುಮ್ಮನಿದ್ದು ಮೊದಲ ಸಲ ಅಲುಗಿಸಿದಾಗ ಮಾತ್ರ ತಡವಾದರೆ ವಿದ್ಯುತ್ ಉಳಿತಾಯದ ಕಾಟ. ಲಿನಕ್ಸಿನಲ್ಲಿ ವಿದ್ಯುತ್ ಉಳಿಸುವ ಪವರ್‌ಟಾಪ್ ತಂತ್ರಾಂಶದ ಆಟೋ-ಟ್ಯೂನ್ ಓಡಿಸಿದವರಿಗೆ ಎರಡನೆಯದು ಸಾಮಾನ್ಯವಾಗಿ ಎದುರಾಗಿರುತ್ತದೆ. ಅದಕ್ಕೆ ಕೇಬಲ್ ಮದ್ದಲ್ಲ.

ಬೆರಳ ತುದಿಯಲ್ಲಿ ಹಿಡಿದರೆ ತೂಕ ಕಾಡುತ್ತದೆ. ಖಾಲಿ ಮೌಸ್ 55 ಗ್ರಾಂ, ಅದರೊಳಗಿನ ಎಎ ಆಲ್ಕಲೈನ್ ಸೆಲ್ ಒಂದೇ 23. ಎಎಎ ಸೆಲ್ ಹಾಕಿದರೆ ಹನ್ನೊಂದು ಹನ್ನೆರಡಕ್ಕೆ ಇಳಿಯುತ್ತದೆ, ಆದರೆ ಉದ್ದ 6 ಮಿ.ಮೀ. ಕಮ್ಮಿ. ಫಾಯಿಲ್ ಉಂಡೆ ತುರುಕಿದ್ದೆ, ಎರಡು ದಿನಕ್ಕೆ ಜಜ್ಜಿ ಸಡಿಲವಾಯಿತು. ಎಂ4 ನಟ್ (4 ಮಿ.ಮೀ. ಬೋಲ್ಟಿನದು) ಎರಡು ಒಂದರ ಮೇಲೊಂದು ಇಟ್ಟರೆ 6.4 ಮಿ.ಮೀ., ಹೆಚ್ಚಾದ 0.4ನ್ನು ಸ್ಪ್ರಿಂಗ್ ನುಂಗುತ್ತದೆ. ಸುತ್ತಲಿನ ಸಂದಿಗೆ ವಿಸಿಟಿಂಗ್ ಕಾರ್ಡ್ ಸುರುಳಿ. ನಟ್ ಯಾವ ತುದಿಗೆ ಅನ್ನೋದರಲ್ಲಿ ಮಾತ್ರ ಹುಷಾರ್. ಆಲ್ಕಲೈನ್ ಸೆಲ್ಲಿನ ಹೊರ ಡಬ್ಬಿ ಪ್ಲಸ್. ಮೈನಸ್ ಕಡೆ ಇಟ್ಟ ನಟ್ ಪಕ್ಕಕ್ಕೆ ಸರಿದು ಡಬ್ಬಿಯ ಅಂಚಿನ ಹೊದಿಕೆ ಕೆರೆದರೆ ಶಾರ್ಟ್. ಆದ್ದರಿಂದ ಪ್ಲಸ್ ಮೊಗ್ಗಿನ ಕಡೆಗೇ ಇಡಬೇಕು. ಚಾರ್ಜ್ ಮಾಡುವ ನಿಕೆಲ್ ಸೆಲ್ಲಿಗೆ ತದ್ವಿರುದ್ಧ, ಅದರ ಡಬ್ಬಿ ಮೈನಸ್, ನಟ್ ಮೈನಸ್ ಕಡೆಗೆ. ಒಟ್ಟು ಹತ್ತು ಗ್ರಾಂ ಉಳಿಯಿತು. ಎಎ ಹಾಕಿದಾಗ ಏಳೆಂಟು ತಿಂಗಳು ಬರುತ್ತಿದ್ದ ಸೆಲ್ ಈಗ ಮೂರಕ್ಕೆ ಮುಗಿಯುತ್ತದೆ. ಬೆರಳು ಹಗುರವಾಗಿದೆ, ನಾನಂತೂ ವಾಪಸ್ ಎಎಗೆ ಹೋಗಿಲ್ಲ.