ಬಲಬದಿ ಸೊನ್ನೆಯಲ್ಲದಿದ್ದರೆ ಸಮೀಕರಣ ಬಿಡಿಸುವುದು ಹೇಗೆ?

ಎರಡನೇ ದರ್ಜೆಯ ಅಸಮಘಾತ (ಬಲಬದಿ ಸೊನ್ನೆಯಲ್ಲದ) ರೇಖೀಯ ಅವಕಲ ಸಮೀಕರಣದಲ್ಲಿ ವಿದ್ಯಾರ್ಥಿಗಳು ಮುಗ್ಗರಿಸುವುದು ಬಹುತೇಕ ಒಂದೇ ಜಾಗದಲ್ಲಿ. ಆ ಜಾಗವನ್ನೇ ತೋರಿಸುವ ಉದಾಹರಣೆ ಇದು:

ವೈ″ − 3ವೈ′ + 2ವೈ = ಇ^ಎಕ್ಸ್

ಹಂತ 1: ಬಲಬದಿ ಸೊನ್ನೆ ಎಂದಿಟ್ಟುಕೊಂಡು ಸಹಾಯಕ ಸಮೀಕರಣ (ವೈ″, ವೈ′, ವೈಗಳ ಜಾಗದಲ್ಲಿ ಎಂ², ಎಂ, 1 ಹಾಕಿದ್ದು) ಬಿಡಿಸಿ. ಎಂ² − 3ಎಂ + 2 = 0; ಮೂಲಗಳು 1 ಮತ್ತು 2. ಪೂರಕ ಫಲನ, ಅಂದರೆ ಬಲಬದಿ ಸೊನ್ನೆಯಾದಾಗಿನ ಪರಿಹಾರ, ಅ·ಇ^ಎಕ್ಸ್ + ಬ·ಇ^(2ಎಕ್ಸ್); ಅ, ಬ ಸ್ಥಿರಾಂಕಗಳು.

ಹಂತ 2: ವಿಶೇಷ ಪರಿಹಾರವನ್ನು, ಅಂದರೆ ಕೊಟ್ಟ ಬಲಬದಿಗೆ ಹೊಂದುವ ಒಂದು ಪರಿಹಾರವನ್ನು, ಊಹಿಸಿ. ಎಡವುವುದು ಇಲ್ಲೇ. ಬಲಬದಿಯಲ್ಲಿ ಇ^ಎಕ್ಸ್ ಕಂಡ ಕೂಡಲೇ ಕ·ಇ^ಎಕ್ಸ್ ಎಂದು ಬರೆದುಬಿಡುತ್ತಾರೆ. ಆದೇಶಿಸಿ ನೋಡಿ: ಕ − 3ಕ + 2ಕ, ಅಂದರೆ ಸೊನ್ನೆ. ಕ ಸಿಗುವುದೇ ಇಲ್ಲ. ಲೆಕ್ಕ ತಪ್ಪಿತೆಂದು ಪುಟಕ್ಕೆ ಅಡ್ಡಗೆರೆ ಎಳೆಯಬೇಡಿ, ತಪ್ಪಿದ್ದು ಊಹೆ. ಇ^ಎಕ್ಸ್ ಆಗಲೇ ಪೂರಕ ಫಲನದಲ್ಲಿದೆ, ಎಡಬದಿ ಅದನ್ನು ನುಂಗಿಹಾಕುತ್ತದೆ. ಊಹೆಯನ್ನು ಎಕ್ಸ್‌ನಿಂದ ಗುಣಿಸಿ:

ವೈ = ಕ·ಎಕ್ಸ್·ಇ^ಎಕ್ಸ್
ವೈ′ = ಕ(ಎಕ್ಸ್ + 1)ಇ^ಎಕ್ಸ್
ವೈ″ = ಕ(ಎಕ್ಸ್ + 2)ಇ^ಎಕ್ಸ್

ಆದೇಶಿಸಿದಾಗ ಎಕ್ಸ್ ಇರುವ ಪದಗಳೆಲ್ಲ ಹೊಡೆದುಹೋಗಬೇಕು. ಹೋಗದಿದ್ದರೆ ಅವಕಲನದಲ್ಲೇ ಎಡವಟ್ಟಾಗಿದೆ. ಉಳಿಯುವುದು 2ಕ − 3ಕ = 1; ಕ = −1. ಮೂಲ 1 ಎರಡು ಬಾರಿ ಬಂದಿದ್ದರೆ ಎಕ್ಸ್² ಬೇಕಾಗುತ್ತಿತ್ತು. ಈ ಘರ್ಷಣೆಯ ಸುದ್ದಿಯನ್ನೇ ಎತ್ತದ ಊಹೆಗಳ ಪಟ್ಟಿಯನ್ನು ಅಚ್ಚು ಹಾಕುವ ಗೈಡುಗಳಿವೆ; ಅವನ್ನು ಕೊಳ್ಳಬೇಡಿ. ಅಡ್ಡದಾರಿಯೂ ಒಂದಿದೆ: ಸಹಾಯಕ ಬಹುಪದವನ್ನು ಅವಕಲಿಸಿ, 2ಎಂ − 3ರಲ್ಲಿ ಎಂ = 1 ಹಾಕಿದರೆ −1; ಎಕ್ಸ್·ಇ^ಎಕ್ಸ್ ಅನ್ನು ಅದರಿಂದ ಭಾಗಿಸಿದರೆ ಮುಗಿಯಿತು. ಉತ್ತರ ತಾಳೆ ನೋಡಲು ಮಾತ್ರ ಇದನ್ನು ಬಳಸಿ.

ಬಲಬದಿಯಲ್ಲಿ ಸೈನ್ ಒಂದೇ ಇದ್ದರೂ ಊಹೆಯಲ್ಲಿ ಸೈನ್, ಕೊಸೈನ್ ಎರಡೂ ಇರಲಿ. ಸೀಕೆಂಟ್ ಅಥವಾ ಟ್ಯಾಂಜೆಂಟ್ ಬಂದರೆ ಊಹೆಯ ದಾರಿ ಬಿಟ್ಟು ಲಗ್ರಾಂಜನ ಪ್ರಾಚಲ ವಿಚಲನ ವಿಧಾನ (ಅ, ಬ ಸ್ಥಿರಾಂಕಗಳನ್ನೇ ಎಕ್ಸ್‌ನ ಫಲನಗಳಾಗಿ ನೋಡುವ ದಾರಿ) ಹಿಡಿಯಿರಿ. ಅದಕ್ಕೂ ಮುನ್ನ ವೈ″ನ ಗುಣಾಂಕವನ್ನು 1 ಮಾಡಿಕೊಳ್ಳುವುದು ಕಡ್ಡಾಯ.

ಹಂತ 3: ಪೂರಕ ಫಲನ, ವಿಶೇಷ ಪರಿಹಾರ ಎರಡನ್ನೂ ಕೂಡಿಸಿ.

ಹಂತ 4: ಆರಂಭಿಕ ಷರತ್ತುಗಳಿಗೆ ಈಗಷ್ಟೇ ಕೈಹಾಕಿ. ವೈ(0) = 0, ವೈ′(0) = 0 ಎಂದು ಕೊಟ್ಟಿದ್ದರೆ, ಅವಸರಗಾರರು ಪೂರಕ ಫಲನಕ್ಕೇ ಅವನ್ನು ಹಚ್ಚಿ ಅ = ಬ = 0 ಎನ್ನುತ್ತಾರೆ. ಆಮೇಲೆ −ಎಕ್ಸ್·ಇ^ಎಕ್ಸ್ ಸೇರಿಸಿದರೆ ವೈ′(0) = −1 ಆಗಿ ಷರತ್ತೇ ಮುರಿಯುತ್ತದೆ. ಪೂರ್ತಿ ಪರಿಹಾರಕ್ಕೆ ಹಚ್ಚಿದರೆ ಅ = −1, ಬ = 1:

ವೈ = ಇ^(2ಎಕ್ಸ್) − ಇ^ಎಕ್ಸ್ − ಎಕ್ಸ್·ಇ^ಎಕ್ಸ್